ರೈಲು ಭವನಕ್ಕೆ ಬಂದ ಮುಷ್ಕರಗಾರ

1989ರ ಡಿಸೆಂಬರ್ ಮೊದಲ ವಾರ ವಿ.ಪಿ. ಸಿಂಗ್ ಸಂಪುಟದ ಖಾತೆಗಳು ಹಂಚಿಕೆಯಾದವು. ರೈಲ್ವೆ ಖಾತೆ ಸಿಕ್ಕಿದ್ದು ಜಾರ್ಜ್ ಫರ್ನಾಂಡಿಸ್ ಅವರಿಗೆ. ಹದಿನೈದು ವರ್ಷಗಳ ಹಿಂದೆ, 1974ರ ಮೇ ತಿಂಗಳಲ್ಲಿ, ಇಪ್ಪತ್ತು ದಿನ ದೇಶದ ರೈಲು ಸಂಚಾರವನ್ನೇ ಬುಡಮೇಲು ಮಾಡಿದ್ದ ಮುಷ್ಕರದ ಮುಂದಾಳು ಇವರೇ. ಅದಕ್ಕೂ ಮೊದಲು, 1967ರಲ್ಲಿ, ಹಾಲಿ ರೈಲ್ವೆ ಸಚಿವರೊಬ್ಬರನ್ನು ಅವರ ಸ್ವಂತ ಕೋಟೆಯಲ್ಲೇ ಸೋಲಿಸಿ ಲೋಕಸಭೆಗೆ ಬಂದವರೂ ಇವರೇ. ರೈಲ್ವೆ ಸಚಿವರನ್ನು ಸೋಲಿಸಿ, ರೈಲ್ವೆಯನ್ನು ನಿಲ್ಲಿಸಿ, ಕೊನೆಗೆ ರೈಲ್ವೆ ಸಚಿವರೇ ಆದವರು ಭಾರತದ ರಾಜಕಾರಣದಲ್ಲಿ ಇನ್ನೊಬ್ಬರಿಲ್ಲ.

ಆ ಸರ್ಕಾರ ಬಾಳಿದ್ದು ಹನ್ನೊಂದೇ ತಿಂಗಳು. ಅಷ್ಟರಲ್ಲಿ ಜಾರ್ಜ್ ಮಾಡಿದ ಒಂದು ಕೆಲಸ ಕರಾವಳಿಯ ಭೂಪಟವನ್ನೇ ಬದಲಿಸಿತು. ಆ ಕೆಲಸ ಹೇಗಾಯಿತು ಎಂದು ನೋಡಿದರೆ ಅವರ ಇಡೀ ರಾಜಕಾರಣದ ಗುಣವೂ ದೋಷವೂ ಒಟ್ಟಿಗೇ ಕಾಣುತ್ತವೆ. ಇದ್ದ ದಾರಿಯಲ್ಲಿ ಸಾಲು ನಿಂತು ಕಾಯುವ ಜಾಯಮಾನ ಅವರದಾಗಿರಲಿಲ್ಲ. ಬಳಸು ದಾರಿ ಹುಡುಕುವರು, ಇಲ್ಲವೇ ದಾರಿಯನ್ನೇ ಒಡೆಯುವರು.

ಮಂಗಳೂರಿನಿಂದ ಚೌಪಾಟಿಗೆ

ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ, ಆರು ಮಕ್ಕಳಲ್ಲಿ ಹಿರಿಯವರಾಗಿ. ಅದು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್ ಹುಟ್ಟಿದ ದಿನವೂ ಹೌದು. ದೊರೆಯ ಮೇಲೆ ಅಭಿಮಾನವಿದ್ದ ತಾಯಿ ಆಲಿಸ್ ಮಗನಿಗೆ ಆ ಹೆಸರನ್ನೇ ಇಟ್ಟರು. ದೊರೆಯ ಹೆಸರು ಹೊತ್ತ ಮಗ ಮುಂದೆ ಯಾವ ದೊರೆತನಕ್ಕೂ ತಲೆಬಾಗಲಿಲ್ಲ ಎಂಬುದು ಬೇರೆ ಮಾತು.

ಹದಿನಾರನೆಯ ವಯಸ್ಸಿಗೆ ಪಾದ್ರಿಯಾಗಲೆಂದು ಮನೆಯವರು ಅವರನ್ನು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳು ಎತ್ತರದ ಮೇಜಿಗೆ ಕೂತು ಒಳ್ಳೆಯ ಊಟ ಮಾಡುತ್ತಿದ್ದರು. ವಿದ್ಯಾರ್ಥಿಗಳಿಗೆ ಬೇರೆ ಸಾಲು, ಬೇರೆ ಊಟ. ಉಪದೇಶಕ್ಕೂ ಊಟದ ಮನೆಗೂ ಇದ್ದ ಈ ಅಂತರ ಹುಡುಗನಿಗೆ ನುಂಗಲಾರದ ತುತ್ತಾಯಿತು. ಎರಡೂವರೆ ವರ್ಷಕ್ಕೆ ಸೆಮಿನರಿ ಬಿಟ್ಟು ಮಂಗಳೂರಿಗೆ ವಾಪಸಾದರು. ಅಮ್ಮೆಂಬಳ ಬಾಳಪ್ಪನವರಂಥ ಸಮಾಜವಾದಿಗಳು ಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದ ಊರದು. ಹೋಟೆಲು ಮಾಣಿಗಳನ್ನೂ ಬಸ್ ಕೆಲಸಗಾರರನ್ನೂ ಸಂಘಟಿಸುವ ಮೊದಲ ಪಾಠ ಅಲ್ಲೇ ಆಯಿತು.

1949ರಲ್ಲಿ ಮುಂಬೈಗೆ ಹೊರಟರು. ಕರಾವಳಿಯ ಹುಡುಗರಿಗೆ ಅದು ಹೊಸ ದಾರಿಯಲ್ಲ. ಮನೆಯಲ್ಲಿ ಮಕ್ಕಳು ಹೆಚ್ಚು, ಗದ್ದೆ ಕಡಿಮೆ ಎಂದಾದರೆ ಹಿರಿಯವನು ಮುಂಬೈಯ ಹೋಟೆಲಿಗೆ ಹೋಗಿ ಲೋಟ ತೊಳೆಯುವುದು, ರಾತ್ರಿಶಾಲೆಯಲ್ಲಿ ಓದುವುದು ಎಷ್ಟೋ ಮನೆಗಳ ಕಥೆ. ಜಾರ್ಜ್ ಅವರಿಗೆ ನೆಂಟರಿಷ್ಟರ ಆಸರೆಯೂ ಇರಲಿಲ್ಲ. ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದರು. ನಡುರಾತ್ರಿ ಪೊಲೀಸಿನವರು ಬಂದು ಎಬ್ಬಿಸಿ ಓಡಿಸುತ್ತಿದ್ದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಒಡನಾಟ, ರಾಮಮನೋಹರ ಲೋಹಿಯಾ ಅವರ ವಿಚಾರ ಇವೆರಡೂ ಸೇರಿ ಅವರನ್ನು ಮುಂಬೈಯ ಬೀದಿಗೆ ಇಳಿಸಿದವು. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಟ್ಯಾಕ್ಸಿ ಚಾಲಕರು, ನಗರಪಾಲಿಕೆಯ ನೌಕರರು, ಬಸ್ ಕಾರ್ಮಿಕರು ಇವರ ಕರೆಗೆ ಓಗೊಡತೊಡಗಿದರು. ಜಾರ್ಜ್ ಕೈ ಎತ್ತಿದರೆ ಮುಂಬೈ ನಿಲ್ಲುತ್ತದೆ ಎಂಬ ಮಾತು ಹುಟ್ಟಿತು.

1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯ ಕಾಂಗ್ರೆಸ್ ಅಭ್ಯರ್ಥಿ ಎಸ್.ಕೆ. ಪಾಟೀಲ್. ಕೇಂದ್ರದಲ್ಲಿ ರೈಲ್ವೆ ಸಚಿವರು, ಮುಂಬೈ ಕಾಂಗ್ರೆಸ್ಸಿನ ಪ್ರಶ್ನಾತೀತ ಯಜಮಾನರು, ಪಕ್ಷಕ್ಕೆ ಹಣ ಹೊಂದಿಸುವ ಕೈ. ಎದುರಿಗೆ ನಿಂತದ್ದು ಮೂವತ್ತೇಳು ವರ್ಷವೂ ತುಂಬದ, ಸಂಯುಕ್ತ ಸಮಾಜವಾದಿ ಪಕ್ಷದ ಕಾರ್ಮಿಕ ನಾಯಕ. ಪಾಟೀಲರನ್ನು ನೀವು ಸೋಲಿಸಬಲ್ಲಿರಿ ಎಂದು ಮತದಾರರಿಗೇ ಹೇಳುವ ಭಿತ್ತಿಪತ್ರಗಳು ಊರ ಗೋಡೆಗಳ ಮೇಲೆ ಬಂದವು. ಮತದಾರರು ಸೋಲಿಸಿಯೇಬಿಟ್ಟರು. ಪತ್ರಿಕೆಗಳು ಜಾರ್ಜ್ ಅವರನ್ನು ‘ಜೈಂಟ್ ಕಿಲ್ಲರ್’ ಎಂದವು.

ಇಪ್ಪತ್ತು ದಿನಗಳ ಮುಷ್ಕರ

1973ರ ನವೆಂಬರಿನಲ್ಲಿ ಜಾರ್ಜ್ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಶನ್ನಿನ ಅಧ್ಯಕ್ಷರಾದರು. ರೈಲ್ವೆ ಕಾರ್ಮಿಕರಲ್ಲಿ ಆಗ ಅಸಮಾಧಾನ ಕುದಿಯುತ್ತಿತ್ತು. ಎಂಜಿನ್ ಹತ್ತಿದ ಚಾಲಕ ಮತ್ತು ಫೈರ್‌ಮನ್ ಹನ್ನೆರಡು, ಹದಿನಾಲ್ಕು ಗಂಟೆ ಕಳೆದರೂ ಇಳಿಯುವಂತಿರಲಿಲ್ಲ. ಹಳಿ ಕಾಯುವ ಗ್ಯಾಂಗ್‌ಮನ್‌ನ ಕೂಲಿ ಏರುತ್ತಿದ್ದ ದಿನಸಿ ಬೆಲೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಸರ್ಕಾರದ್ದೇ ಉಕ್ಕಿನ ಕಾರ್ಖಾನೆಯ ಕೆಲಸಗಾರನಿಗೆ ಬೋನಸ್ ಇತ್ತು, ರೈಲ್ವೆಯವನಿಗೆ ಇರಲಿಲ್ಲ. ಎಂಟು ಗಂಟೆಯ ಕೆಲಸ, ಬೋನಸ್, ಸಾರ್ವಜನಿಕ ಉದ್ದಿಮೆಗಳಿಗೆ ಸಮನಾದ ವೇತನ ಇವು ಮುಖ್ಯ ಬೇಡಿಕೆಗಳಾದವು. 1974ರ ಫೆಬ್ರುವರಿಯಲ್ಲಿ ಹತ್ತಾರು ಸಂಘಟನೆಗಳು ಕೂಡಿ ಒಂದು ರಾಷ್ಟ್ರೀಯ ಸಮನ್ವಯ ಸಮಿತಿ ಕಟ್ಟಿದವು.

ಮಾತುಕತೆ ನಡೆಯುತ್ತಿರುವಾಗಲೇ, ಮೇ 2ರ ರಾತ್ರಿ, ಲಖನೌ ನಿಲ್ದಾಣದಲ್ಲಿ ಪೊಲೀಸರು ಜಾರ್ಜ್ ಅವರನ್ನು ಬಂಧಿಸಿದರು. ಮೇ 8ರಂದು ಮುಷ್ಕರ ಶುರುವಾಯಿತು. ಇಂದಿರಾ ಗಾಂಧಿ ಸರ್ಕಾರ ಪಟ್ಟು ಸಡಿಲಿಸಲಿಲ್ಲ. ಸಾವಿರಾರು ನೌಕರರು ಜೈಲು ಸೇರಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ರೈಲ್ವೆ ಕ್ವಾರ್ಟರ್ಸ್‌ಗಳಿಂದ ಹೆಂಡತಿ ಮಕ್ಕಳನ್ನು ಪಾತ್ರೆಪಗಡಿ ಸಮೇತ ಹೊರಹಾಕಿದ ವರದಿಗಳು ಬಂದವು. ಟೆರಿಟೋರಿಯಲ್ ಆರ್ಮಿಯ ಕೈಯಲ್ಲಿ ರೈಲು ಓಡಿಸಲಾಯಿತು. ಮೇ 27ರಂದು ಮುಷ್ಕರ ಯಾವ ಷರತ್ತೂ ಇಲ್ಲದೆ ಹಿಂತೆಗೆಯಲ್ಪಟ್ಟಿತು. ಲೆಕ್ಕಕ್ಕೆ ಅದು ಸೋಲು. ಆದರೆ ಸರ್ಕಾರ ತನ್ನ ನೌಕರರ ಮೇಲೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ದೇಶ ನೋಡಿತ್ತು. ಒಂದು ವರ್ಷ ಕಳೆದು ತುರ್ತು ಪರಿಸ್ಥಿತಿ ಬಂದಾಗ ಅದರ ಕೈಚಳಕ ಹಳಿಗಳ ಮೇಲೆ ಮೊದಲೇ ಅಭ್ಯಾಸವಾಗಿತ್ತು.

1975ರ ಜೂನ್ 25ರ ರಾತ್ರಿ ಜಾರ್ಜ್ ಒಡಿಶಾದ ಕಡಲ ದಂಡೆಯ ಗೋಪಾಲಪುರದಲ್ಲಿದ್ದರು. ಅಲ್ಲಿಂದಲೇ ಭೂಗತರಾದರು. ಗಡ್ಡ ಬಿಟ್ಟು, ಪೇಟ ಸುತ್ತಿ ಸರ್ದಾರ್ಜಿಯಂತೆ ಊರೂರು ಸುತ್ತಿದರು. ಸ್ಫೋಟಗಳಿಗೆ ಸಂಚು ನಡೆಸಿದರೆಂದು ಸರ್ಕಾರ ಹೂಡಿದ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಅವರೇ ಮೊದಲ ಆರೋಪಿ. ಅವರು ಸಿಗದ ಸಿಟ್ಟು ಸುತ್ತಲಿನವರ ಮೇಲೆ ತಿರುಗಿತು. ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಅಸ್ತಮಾದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಜಾರ್ಜ್ ಸೆರೆ ಸಿಕ್ಕಿದ್ದು 1976ರ ಜೂನ್ 10ರಂದು ಕೋಲ್ಕತ್ತದಲ್ಲಿ. ಬೇಡಿ ತೊಟ್ಟ ಕೈಯನ್ನು ಮೇಲೆತ್ತಿ ನಿಂತ ಅವರ ಫೋಟೊ ಆ ಕಾಲದ ಗುರುತಾಗಿ ಉಳಿಯಿತು. 1977ರಲ್ಲಿ ಅವರು ಜೈಲಿನಲ್ಲಿದ್ದೇ ಬಿಹಾರದ ಮುಜಫ್ಫರ್‌ಪುರದಿಂದ ಸ್ಪರ್ಧಿಸಿದರು. ಗೆಲುವಿನ ಅಂತರ 3 ಲಕ್ಷಕ್ಕೂ ಹೆಚ್ಚು.

ಮೊದಲ ಕುರ್ಚಿ, ಮೊದಲ ಕಳಂಕ

ಜನತಾ ಸರ್ಕಾರದಲ್ಲಿ ಮೊದಲು ಸಂಪರ್ಕ ಖಾತೆ, ಕೆಲವು ತಿಂಗಳಲ್ಲೇ ಕೈಗಾರಿಕೆ. ವಿದೇಶಿ ಕಂಪನಿಗಳು ತಮ್ಮ ಪಾಲನ್ನು 40 ಪ್ರತಿಶತಕ್ಕೆ ಇಳಿಸಬೇಕು ಎಂಬ 1973ರ ಕಾನೂನನ್ನು ಅವರು ಬಿಗಿಯಾಗಿ ಹಿಡಿದರು. ಕೋಕಾಕೋಲಾ ಮತ್ತು ಐಬಿಎಂ ಗಂಟುಮೂಟೆ ಕಟ್ಟಿದವು. ಜಾರ್ಜ್ ಎಂದರೆ ಕೋಕಾಕೋಲಾ ಓಡಿಸಿದವರು ಎಂದು ಜನ ಇಂದಿಗೂ ನೆನೆಯುತ್ತಾರೆ. ಆದರೆ ಅವರ ಅವಧಿಯ ಹೆಚ್ಚು ಬಾಳಿಕೆಯ ಕೆಲಸ ಬೇರೆಯೇ ಇದೆ. ನಮ್ಮ ಪ್ರತಿ ಜಿಲ್ಲಾ ಕೇಂದ್ರದಲ್ಲೂ ಕಾಣುವ ‘ಜಿಲ್ಲಾ ಕೈಗಾರಿಕಾ ಕೇಂದ್ರ’ದ ಬೋರ್ಡು 1977ರ ಡಿಸೆಂಬರಿನ ಕೈಗಾರಿಕಾ ನೀತಿಯ ಫಲ. ಸಣ್ಣ ಉದ್ದಿಮೆ ಹಾಕುವವನು ಲೈಸೆನ್ಸಿಗೆ, ಸಾಲಕ್ಕೆ, ಕಚ್ಚಾ ಮಾಲಿಗೆ ಹತ್ತು ಕಚೇರಿ ಅಲೆಯದೆ ಒಂದೇ ಸೂರಿನಡಿ ಕೆಲಸ ಮುಗಿಸಬೇಕು ಎಂಬುದು ಅದರ ಉದ್ದೇಶ.

ಅಷ್ಟರಲ್ಲಿ 1979ರ ಜುಲೈ ಬಂತು. ಮೊರಾರ್ಜಿ ದೇಸಾಯಿ ಸರ್ಕಾರದ ಮೇಲಿನ ಅವಿಶ್ವಾಸ ಗೊತ್ತುವಳಿಯ ಚರ್ಚೆಯಲ್ಲಿ ಜಾರ್ಜ್ ಎದ್ದುನಿಂತು ಸರ್ಕಾರವನ್ನು ಮೈದುಂಬಿ ಸಮರ್ಥಿಸಿದರು. ಆ ಭಾಷಣದ ಗುಂಗು ಇಳಿಯುವ ಮೊದಲೇ ಅದೇ ಸರ್ಕಾರವನ್ನು ಬಿಟ್ಟು ಚರಣ್ ಸಿಂಗ್ ಪಾಳಯಕ್ಕೆ ಹೋದರು. ಸಮಾಜವಾದಿ ಗೆಳೆಯರ ಒತ್ತಾಯ ಕಾರಣ ಎಂದು ಅವರ ಕಡೆಯವರು ಹೇಳಿದರು. ಕಾರಣ ಏನೇ ಇರಲಿ, ಆ ಒಂದು ಲಾಗ ಜೀವಮಾನದುದ್ದಕ್ಕೂ ಅವರ ಬೆನ್ನು ಬಿಡಲಿಲ್ಲ.

1984ರಲ್ಲಿ ತವರು ರಾಜ್ಯಕ್ಕೆ ಬಂದು ಬೆಂಗಳೂರು ಉತ್ತರದಲ್ಲಿ ನಿಂತರು. ಇಂದಿರಾ ಹತ್ಯೆಯ ಅನುಕಂಪದ ಅಲೆಯಲ್ಲಿ ಸಿ.ಕೆ. ಜಾಫರ್ ಷರೀಫ್ ಎದುರು ಸೋತರು. ಈ ಹೆಸರು ಮುಂದೆ ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ.

ಮೂವರು ಕರಾವಳಿಯವರು, ಒಂದು ಕಂಪನಿ

ಕೊಂಕಣದಲ್ಲಿ ರೈಲು ಬೇಕು ಎಂಬ ಕೂಗು ಹಳೆಯದು. ರಾಜಾಪುರದ ಸಂಸದ ಬ್ಯಾರಿಸ್ಟರ್ ನಾಥ್ ಪೈ ಅದನ್ನು ಸಂಸತ್ತಿನಲ್ಲಿ ಎತ್ತಿದ್ದರು. ಅವರ ನಂತರ ಅದೇ ಕ್ಷೇತ್ರದಿಂದ ಬಂದ ಮಧು ದಂಡವತೆ 1977ರಲ್ಲಿ ರೈಲ್ವೆ ಸಚಿವರಾದರು. 1974ರ ಮುಷ್ಕರದಲ್ಲಿ ವಜಾ ಆಗಿದ್ದ ನೌಕರರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡವರೂ ಎರಡನೇ ದರ್ಜೆಯ ಮರದ ಹಲಗೆಗೆ ಮೆತ್ತೆ ಹಾಕಿಸಿದವರೂ ಅವರೇ. ಅವರ ಕಾಲದಲ್ಲಿ ಚಾಲನೆ ಪಡೆದ ಹಳಿ 1986ರ ಹೊತ್ತಿಗೆ ಮುಂಬೈ ಕಡೆಯಿಂದ ರೋಹಾ ತಲುಪಿ ಅಲ್ಲೇ ನಿಂತಿತ್ತು. ಅಲ್ಲಿಂದ ಮಂಗಳೂರಿಗೆ 760 ಕಿ.ಮೀ.; ಅದರಲ್ಲಿ ಕರ್ನಾಟಕದ ಪಾಲು 273 ಕಿ.ಮೀ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಕಡಲು, ನಡುವೆ ನದಿಗಳ ಮೇಲೆ ನದಿಗಳು. ರೈಲ್ವೆ ಬಜೆಟ್ಟಿನಲ್ಲಿ ವರ್ಷ ವರ್ಷ ಸಿಗುವ ಚೂರುಪಾರು ಹಣದಲ್ಲಿ ಈ ದಾರಿ ಹಾಕಹೊರಟರೆ ಒಂದು ತಲೆಮಾರೇ ಕಳೆಯುತ್ತಿತ್ತು.

1989ರಲ್ಲಿ ಒಂದು ಅಪರೂಪದ ಯೋಗ ಕೂಡಿಬಂತು. ರೈಲ್ವೆ ಸಚಿವರು ಮಂಗಳೂರಿನವರು. ಹಣಕಾಸು ಸಚಿವರು ಕೊಂಕಣದ ಸಂಸದ ದಂಡವತೆ. ಯೋಜನಾ ಆಯೋಗದ ಉಪಾಧ್ಯಕ್ಷರು ಉತ್ತರ ಕನ್ನಡದ ಸಿದ್ದಾಪುರದ ರಾಮಕೃಷ್ಣ ಹೆಗಡೆ. ಯೋಜನೆ ಬರೆಯುವವರು, ಒಪ್ಪುವವರು, ದುಡ್ಡು ಕೊಡುವವರು ಮೂವರೂ ಅದೇ ಪಶ್ಚಿಮ ಕರಾವಳಿಯ ಜಿಲ್ಲೆಗಳವರು. ಇಂಥ ಯೋಗ ಬಹುಕಾಲ ನಿಲ್ಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಸರ್ಕಾರ ಹೊರಗಿನ ಬೆಂಬಲದ ಮೇಲೆ ನಿಂತಿತ್ತು.

ಜಾರ್ಜ್ ನೆಚ್ಚಿದ್ದು ಇ. ಶ್ರೀಧರನ್ ಎಂಬ ಎಂಜಿನಿಯರನ್ನು. 1964ರ ಚಂಡಮಾರುತದಲ್ಲಿ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಿದ್ದ ಅವರು ಈಗ ರೈಲ್ವೆ ಮಂಡಳಿಯ ಸದಸ್ಯರಾಗಿದ್ದರು, 1990ರ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಶ್ರೀಧರನ್ ಮುಂದಿಟ್ಟ ಉಪಾಯ ಸರಳ: ಈ ದಾರಿಯನ್ನು ರೈಲ್ವೆ ಬಜೆಟ್ಟಿನಿಂದಲೇ ಹೊರಗೆ ತನ್ನಿ. ಪ್ರತ್ಯೇಕ ಕಂಪನಿ ಮಾಡಿ. ಲಾಭ ಪಡೆಯುವ ರಾಜ್ಯಗಳೂ ಷೇರು ಹಾಕಲಿ. ಉಳಿದ ಹಣವನ್ನು ಬಾಂಡು ಮಾರಿ ಪೇಟೆಯಿಂದ ಎತ್ತಿ. ರೈಲು ಓಡಿದ ಮೇಲೆ ಬರುವ ಆದಾಯದಲ್ಲಿ ಸಾಲ ತೀರಿಸಿ.

ನಾಲ್ಕು ರಾಜ್ಯಗಳನ್ನು ಒಪ್ಪಿಸುವುದು ರಾಜಕಾರಣಿಯ ಕೆಲಸ. ಅದನ್ನು ಜಾರ್ಜ್ ಮಾಡಿದರು. ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಬೇರೆ ಬೇರೆ ಪಕ್ಷಗಳ ಕೈಯಲ್ಲಿದ್ದವು. ಪಾಲುಗಳು ಹೀಗೆ ನಿಗದಿಯಾದವು: ಕೇಂದ್ರ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6 ಪ್ರತಿಶತ. ಕೇರಳದಲ್ಲಿ ಈ ದಾರಿಯ ಒಂದು ಮೀಟರ್ ಹಳಿಯೂ ಇಲ್ಲ. ಆದರೂ ಮುಂಬೈಗೆ ಹೋಗುವ ಮಲಯಾಳಿಗೆ ಇದರಿಂದ ಹತ್ತಿರವಾಗುತ್ತದೆ ಎಂದು ಅದು ಹಣ ಹಾಕಿತು. 1990ರ ಜುಲೈ 19ರಂದು ಕೊಂಕಣ ರೈಲ್ವೆ ನಿಗಮ ನೋಂದಣಿಯಾಯಿತು, ನಿವೃತ್ತರಾದ ಶ್ರೀಧರನ್ ಅದರ ಮುಖ್ಯಸ್ಥರಾದರು. ನವೆಂಬರಿನಲ್ಲಿ ಸರ್ಕಾರ ಬಿತ್ತು. ಹೆಗಡೆಯವರಂತೂ ಅದಕ್ಕೂ ಮೊದಲೇ ಆಯೋಗ ಬಿಟ್ಟಿದ್ದರು. ಆದರೆ ಕಂಪನಿ ನೋಂದಣಿಯಾಗಿ, ಬಾಂಡಿನ ದಾರಿ ತೆರೆದಿತ್ತು. ಮುಂದೆ ಬಂದವರು ಒಂದು ಕಡತವನ್ನು ಮೂಲೆಗಿಡಬಹುದಿತ್ತು. ನಾಲ್ಕು ರಾಜ್ಯಗಳು ಷೇರು ಹಾಕಿದ ಕಂಪನಿಯನ್ನು ಮೂಲೆಗಿಡುವುದು ಅಷ್ಟು ಸುಲಭವಿರಲಿಲ್ಲ. ಜಾರ್ಜ್ ಅವರ ಅಧಿಕಾರಾವಧಿಯ ಜಾಣ್ಮೆ ಇದ್ದದ್ದು ಇಲ್ಲಿ.

ಕಾಮಗಾರಿಯ ಕಥೆಯೇ ಒಂದು ಪುಸ್ತಕವಾಗುವಷ್ಟಿದೆ. ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗರು ಮೋಟರ್‌ಬೈಕ್ ಏರಿ ಹಳ್ಳಿಗಾಡು ಸುತ್ತಿ ಸರ್ವೆ ಮಾಡಿದರು. ಗುರಿಯ ದಿನಕ್ಕೆ ಇನ್ನೆಷ್ಟು ದಿನ ಉಳಿದಿದೆ ಎಂದು ಹಿಂದೆ ಹಿಂದೆ ಎಣಿಸುವ ಗಡಿಯಾರಗಳನ್ನು ಕಚೇರಿಗಳಲ್ಲಿ ನೇತುಹಾಕಲಾಯಿತು. 40 ಸಾವಿರಕ್ಕೂ ಹೆಚ್ಚು ಭೂಮಾಲೀಕರಿಂದ ಜಾಗ ಪಡೆಯಬೇಕಿತ್ತು. ಸುಮಾರು 2,000 ಸೇತುವೆ, 90ಕ್ಕೂ ಹೆಚ್ಚು ಸುರಂಗ. ರತ್ನಾಗಿರಿ ಬಳಿಯ ಕರಬುಡೆ ಸುರಂಗವೊಂದೇ 6.5 ಕಿ.ಮೀ. ಹೊನ್ನಾವರದಲ್ಲಿ ಶರಾವತಿಯ ಮೇಲೆ 2 ಕಿ.ಮೀ.ಗೂ ಉದ್ದದ ಸೇತುವೆ. ಗಟ್ಟಿ ಬಂಡೆಯನ್ನು ಕೊರೆದದ್ದಕ್ಕಿಂತ ಮೆತ್ತನೆಯ ಜೇಡಿಮಣ್ಣಿನಲ್ಲಿ ಸುರಂಗ ತೋಡಿದ್ದೇ ಕಷ್ಟವಾಯಿತು, ತೋಡಿದಷ್ಟೂ ಕುಸಿಯುತ್ತಿತ್ತು. ಹತ್ತಾರು ಕಾರ್ಮಿಕರು ಜೀವ ತೆತ್ತರು. ಗೋವಾದಲ್ಲಿ ಗದ್ದೆ, ಉಪ್ಪುನೀರಿಗೆ ಒಡ್ಡು ಕಟ್ಟಿ ಉಳುವ ಖಾಜನ್ ಭೂಮಿ ಹಾಗೂ ಹಳೆಯ ಊರುಗಳು ಹಾಳಾಗುತ್ತವೆಂದು ಚಳವಳಿ ಎದ್ದಿತು. 1993ರಲ್ಲಿ ಕೆಲಸ ನಿಂತು, ನ್ಯಾಯಮೂರ್ತಿ ಓಝಾ ಅವರ ಸಮಿತಿ ಕೂತು, ವರದಿ ಬಂದ ಮೇಲೆ ಮುಂದುವರಿಯಿತು. ಆಗ ರೈಲ್ವೆ ಸಚಿವರಾಗಿದ್ದವರು ಅದೇ ಜಾಫರ್ ಷರೀಫ್, ಬೆಂಗಳೂರಿನಲ್ಲಿ ಜಾರ್ಜ್ ಅವರನ್ನು ಸೋಲಿಸಿದವರು. ಸೋತವರು ಹುಟ್ಟುಹಾಕಿದ ಯೋಜನೆಯನ್ನು ಗೆದ್ದವರು ಕೈಬಿಡಲಿಲ್ಲ ಎಂಬುದನ್ನೂ ಇತಿಹಾಸ ಬರೆದಿಡಬೇಕು.

1993ರ ಮಾರ್ಚಿನಲ್ಲಿ ಮಂಗಳೂರು–ಉಡುಪಿ ನಡುವೆ ಮೊದಲ ರೈಲು ಓಡಿತು. ಇಡೀ ದಾರಿ 1998ರ ಜನವರಿ 26ರಂದು ತೆರೆಯಿತು. ಅದಕ್ಕೂ ಮುನ್ನ ಮುಂಬೈಯಿಂದ ಮಂಗಳೂರಿಗೆ ರೈಲಿನಲ್ಲಿ ಬರಬೇಕೆಂದರೆ ದಖ್ಖನ್ ಸುತ್ತಿ, ಪಾಲಕ್ಕಾಡಿನ ಕಡೆಯಿಂದ ಬರಬೇಕಿತ್ತು. ದೂರದಲ್ಲಿ 1,100 ಕಿ.ಮೀ.ಗೂ ಹೆಚ್ಚು ಉಳಿಯಿತು, ಹೊತ್ತಿನಲ್ಲಿ ಒಂದು ಹಗಲುರಾತ್ರಿ. ಸಂಜೆ ಮುಂಬೈಯ ಹೋಟೆಲು ಬಾಗಿಲು ಹಾಕಿ ಹೊರಟವನು ಮರುದಿನ ಕುಂದಾಪುರದಲ್ಲಿ ಇಳಿಯುವುದು ಸಾಧ್ಯವಾಯಿತು.

ಸಿಯಾಚಿನ್ ಮತ್ತು ಆಮೇಲೆ

1994ರಲ್ಲಿ ನಿತೀಶ್ ಕುಮಾರ್ ಜೊತೆ ಸಮತಾ ಪಕ್ಷ ಕಟ್ಟಿದ ಜಾರ್ಜ್ ಆಮೇಲೆ ಬಿಜೆಪಿಯ ಜೊತೆ ಕೈಜೋಡಿಸಿದರು. ಹಳೆಯ ಸಂಗಾತಿಗಳು ಹುಬ್ಬೇರಿಸಿದರು. 1998ರಲ್ಲಿ ವಾಜಪೇಯಿ ಸರ್ಕಾರದ ರಕ್ಷಣಾ ಸಚಿವರಾದರು. ಸಿಯಾಚಿನ್ ಯೋಧರಿಗೆ ಬೇಕಾದ ಹಿಮವಾಹನಗಳ ಕಡತವನ್ನು ಅಧಿಕಾರಿಗಳು ಎಳೆದಾಡುತ್ತಿದ್ದಾರೆಂದು ತಿಳಿದಾಗ, ಆ ಅಧಿಕಾರಿಗಳನ್ನೇ ಸಿಯಾಚಿನ್‌ಗೆ ಕಳಿಸಿ ಚಳಿ ನೋಡಿಬನ್ನಿ ಎಂದರು. ತಾವೂ ಅಲ್ಲಿಗೆ ಮತ್ತೆ ಮತ್ತೆ ಹೋದರು. ದೆಹಲಿಯಲ್ಲಿ ಅವರ ಸರ್ಕಾರಿ ಬಂಗಲೆಗೆ ಗೇಟು ಇರಲಿಲ್ಲ. ಎದುರು ಮನೆಯ ಮಂತ್ರಿಯ ಭದ್ರತೆಯವರು ತಮ್ಮನ್ನು ತಡೆದು ನಿಲ್ಲಿಸುತ್ತಿದ್ದಾಗ ಬೇಸತ್ತು ತೆಗೆಸಿಹಾಕಿದ್ದರು. ಇಸ್ತ್ರಿ ಕಾಣದ ಜುಬ್ಬಾ, ತಾವೇ ಒಗೆದುಕೊಂಡ ಬಟ್ಟೆ. ಮಂತ್ರಿಗಿರಿ ಅವರ ಮೈಗೆ ಅಂಟಲಿಲ್ಲ.

ಆದರೆ ರೀತಿನೀತಿ ದಾಟುವ ಅಭ್ಯಾಸಕ್ಕೆ ಬೆಲೆಯೂ ಇದೆ. 2001ರ ಮಾರ್ಚಿನಲ್ಲಿ ತೆಹೆಲ್ಕಾ ಸುದ್ದಿತಾಣದ ಗುಪ್ತ ಕ್ಯಾಮೆರಾ ಹೊಕ್ಕಿದ್ದು ಆ ಗೇಟಿಲ್ಲದ ಮನೆಗೇ. ಅಲ್ಲಿ ಪಕ್ಷದ ಅಧ್ಯಕ್ಷೆ ರಕ್ಷಣಾ ದಲ್ಲಾಳಿಗಳ ಸೋಗಿನಲ್ಲಿ ಬಂದವರೊಂದಿಗೆ ಮಾತಾಡಿದ ದೃಶ್ಯ ದೇಶಕ್ಕೆಲ್ಲ ಬಿತ್ತರವಾಯಿತು. ಜಾರ್ಜ್ ರಾಜೀನಾಮೆ ಕೊಟ್ಟರು, ಅದೇ ಅಕ್ಟೋಬರಿನಲ್ಲಿ ಮರಳಿದರು. ಕಾರ್ಗಿಲ್ ಹುತಾತ್ಮರ ಶವಪೆಟ್ಟಿಗೆ ಖರೀದಿಯ ಆರೋಪವೂ ವರ್ಷಗಟ್ಟಲೆ ಕಾಡಿತು. ತನಿಖೆಯಲ್ಲಿ ಅವರ ವಿರುದ್ಧ ಪುರಾವೆ ಸಿಗಲಿಲ್ಲ. ಆ ಹೊತ್ತಿಗೆ ಮರೆವಿನ ಕಾಯಿಲೆ ಅವರನ್ನು ಆವರಿಸಿತ್ತು. 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡರು.

ಕೊಂಕಣ ರೈಲ್ವೆಗೂ ಆ ಬಳಸು ದಾರಿಯ ಬೆಲೆ ತೆರಬೇಕಾಯಿತು. ಸುಮಾರು 3,500 ಕೋಟಿ ರೂಪಾಯಿಯ ಕಾಮಗಾರಿಯಲ್ಲಿ ಬಹುಪಾಲು ಸಾಲ. ಅದನ್ನು ತೀರಿಸಲು ಟಿಕೆಟ್ ದರವನ್ನು ನಿಜವಾದ ದೂರಕ್ಕಿಂತ ಹೆಚ್ಚು ದೂರ ಲೆಕ್ಕಹಿಡಿದು ವಸೂಲು ಮಾಡಲಾಯಿತು. ಅವಸರದಲ್ಲಿ ಕಡಿದ ಗುಡ್ಡಗಳು ಮಳೆಗೆ ಜರಿದವು. 2003ರಲ್ಲಿ ವೈಭವವಾಡಿ ಬಳಿ, 2004ರಲ್ಲಿ ಕರಂಜಾಡಿ ಬಳಿ ರೈಲುಗಳು ಅಪಘಾತಕ್ಕೀಡಾಗಿ ಜನ ಸತ್ತರು. ಆಮೇಲೆ ಇಳಿಜಾರುಗಳಿಗೆ ಬಲೆ ಬಿಗಿದು, ಮಳೆಗಾಲಕ್ಕೆ ನಿಧಾನಗತಿಯ ಬೇರೆ ವೇಳಾಪಟ್ಟಿಯೇ ಬಂತು. ಈಗ ದಾರಿ ಕಿಕ್ಕಿರಿದಿದೆ. ಜೋಡಿಹಳಿಯಾಗಿರುವುದು ರೋಹಾ–ವೀರ್ ನಡುವಿನ 46 ಕಿ.ಮೀ. ಮಾತ್ರ. ಉಳಿದದ್ದಕ್ಕೆ ನಿಗಮದ ಬಳಿ ಹಣವಿಲ್ಲ; ಪ್ರತ್ಯೇಕ ಕಂಪನಿಯಾದ್ದರಿಂದ ಕೇಂದ್ರ ಬಜೆಟ್ಟಿನಲ್ಲಿ ರೈಲ್ವೆಗೆ ಸಿಗುವ ಹಣ ನೇರವಾಗಿ ಹರಿಯುವುದಿಲ್ಲ. ಹಾಗಾಗಿ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಿ ಎಂದು ಕರಾವಳಿಯವರೇ ಕೇಳುತ್ತಿದ್ದಾರೆ.

1990ರಲ್ಲಿ ಯಾವುದರಿಂದ ಹೊರಬಂದದ್ದಕ್ಕೆ ಈ ದಾರಿ ಹುಟ್ಟಿತೋ, ಇಂದು ಅದರೊಳಗೇ ಸೇರಿಸಿ ಎಂಬ ಬೇಡಿಕೆ. ಇದರಿಂದ ಜಾರ್ಜ್ ತಪ್ಪು ಮಾಡಿದರು ಎಂದು ತೀರ್ಮಾನಿಸುವವರು ರೋಹಾದಲ್ಲಿ ನಿಂತುಹೋಗಿದ್ದ ಹಳಿಯನ್ನು ಮರೆಯುತ್ತಾರೆ. ಕಾಯುತ್ತ ಕೂತಿದ್ದರೆ ಜೋಡಿಹಳಿಯ ಮಾತಿರಲಿ, ಒಂಟಿ ಹಳಿಗೂ ಇನ್ನೆಷ್ಟು ಸರ್ಕಾರಗಳ ಕದ ತಟ್ಟಬೇಕಿತ್ತೋ. ಕೆಲಸ ಹುಟ್ಟಿಸಲು ಬಳಸು ದಾರಿ ಹಿಡಿಯುವ ಧೈರ್ಯ ಬೇಕು. ಹುಟ್ಟಿದ್ದನ್ನು ಸಾಕಲು ವರ್ಷ ವರ್ಷ ತಪ್ಪದೆ ಹಣ ಕೊಡುವ ಹೆದ್ದಾರಿಯೇ ಬೇಕು. ಮೊದಲನೆಯದು ಜಾರ್ಜ್ ಅವರಿಗೆ ಚೆನ್ನಾಗಿ ಒಲಿದಿತ್ತು. ಎರಡನೆಯದಕ್ಕೆ ಬೇಕಾದ ತಾಳ್ಮೆ ಅವರ ಸ್ವಭಾವದಲ್ಲೂ ಇರಲಿಲ್ಲ, ಅವರಿಗೆ ಸಿಕ್ಕ ಹನ್ನೊಂದು ತಿಂಗಳಲ್ಲಿ ಅದಕ್ಕೆ ಎಡೆಯೂ ಇರಲಿಲ್ಲ. ಆ ಕೆಲಸ ಮಾಡಬೇಕಾದದ್ದು ಆಮೇಲೆ ಮೂರು ದಶಕ ರೈಲು ಭವನದಲ್ಲಿ ಕೂತುಹೋದ ಸಚಿವರು.